ಆಫೀಸ್ ಬ್ಯಾಂಡಿಗೆ ಮ್ಯಾನೇಜರೇ ಹಾಡುಗಾರ, ಮೇಲಿನ ಸ್ವರ ಸಿಗುತ್ತಿಲ್ಲ. ಹೇಳೋದು ಯಾರು?

ಆರನೇ_ತಂತಿ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ, ಒಂದೇ ಆಫೀಸು. ಎರಡು ಗಿಟಾರ್, ಬೇಸ್, ಡ್ರಮ್ಸ್, ಒಬ್ಬರು ಹಾಡುವವರು. ಹಳೇ ರಾಕ್ ಹಾಡುಗಳನ್ನು ಕವರ್ ಮಾಡುತ್ತೇವೆ. ಯಾರೂ ಇದರಿಂದ ಹೊಟ್ಟೆ ಹೊರೆಯುವವರಲ್ಲ. ಕೆಲಸ ಮುಗಿದ ಮೇಲೆ ಸೇರಿ ಬಾರಿಸಿ ಮನೆಗೆ ಹೋಗುವವರು. ಈಗ ಕಂಪನಿಯ ವಾರ್ಷಿಕ ಕಾರ್ಯಕ್ರಮದಲ್ಲಿ ನಮಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ತಲೆನೋವು ಶುರುವಾಗಿದ್ದು ಅಲ್ಲಿಂದ.

ಹಾಡುವವರು ನಮ್ಮ ಮ್ಯಾನೇಜರ್. ದನಿ ಕೆಟ್ಟದ್ದೇನಲ್ಲ. ವರ್ಸ್ (ಚರಣ) ಹಾಡುವಾಗ ಕೇಳೋಕೆ ಹಿತವಾಗಿರುತ್ತದೆ. ಕೋರಸ್ (ಪಲ್ಲವಿ) ಬರುತ್ತಿದ್ದ ಹಾಗೆ ಕತ್ತಿನ ನರ ಎದ್ದು ನಿಲ್ಲುತ್ತದೆ, ಸ್ವರ ಪೂರ್ತಿ ಹತ್ತುವುದಿಲ್ಲ, ಶ್ರುತಿ ಕೆಳಗೆ ಜಾರುತ್ತದೆ. ಹಾಡು ಮುಗಿದ ಮೇಲೆ ನಮ್ಮ ಕಡೆ ತಿರುಗಿ "ಹೇಗಿತ್ತು?" ಅನ್ನುತ್ತಾರೆ. ನಾವು ನಾಲ್ಕೂ ಜನ ಒಟ್ಟಿಗೆ "ಸೂಪರ್ ಸರ್" ಅನ್ನುತ್ತೇವೆ. ನಮ್ಮಲ್ಲಿ ಮೂವರ ಅಪ್ರೈಸಲ್ ಬರೆಯುವವರು ಅವರೇ. ಇನ್ನೇನು ಹೇಳೋದು?

ಹಾಡುಗಾರರನ್ನು ಬದಲಿಸುವ ಮಾತೇ ಇಲ್ಲ. ಬ್ಯಾಂಡ್ ಕಟ್ಟಿದ್ದೇ ಅವರು. ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರು ಯಾರಾದರೂ ಇದ್ದರೆ ದಾರಿ ಹೇಳಿ.

ಬೇಸ್_ಭೈರ

ಯಾವ ಸ್ಕೇಲ್‌ನಲ್ಲಿ, ಅಂದರೆ ಯಾವ ಶ್ರುತಿಯಲ್ಲಿ ಬಾರಿಸುತ್ತಿದ್ದೀರಿ? ಮೊದಲು ಅದನ್ನು ಹೇಳಿ ಗುರು.

ಆರನೇ_ತಂತಿ

ಒರಿಜಿನಲ್ ಸ್ಕೇಲ್‌ನಲ್ಲೇ. ಯಾಕೆ?

ಬೇಸ್_ಭೈರ

ಅಲ್ಲೇ ಇದೆ ನೋಡಿ ಅರ್ಧ ಉತ್ತರ. ಹೆಸರಾಂತ ರಾಕ್ ಹಾಡುಗಾರರಲ್ಲಿ ಬಹಳ ಜನ ಎತ್ತರದ ಕಂಠದವರು. ಅವರ ಕೋರಸ್ ಪಿಯಾನೋದ ಮಧ್ಯದ ಸಿ ಸ್ವರ ದಾಟಿ ಮೇಲಿನ ಎ, ಬಿ ತನಕ ಹೋಗುತ್ತದೆ. ತರಬೇತಿ ಇಲ್ಲದ ಸಾಮಾನ್ಯ ಗಂಡು ದನಿ ಅದೇ ಸಪ್ತಕದ ಇ, ಎಫ್ ಹತ್ತಿರ ಬಂದಾಗಲೇ ಬಿಗಿಯಾಗೋಕೆ ಶುರು. ಇದು ನಿಮ್ಮ ಮ್ಯಾನೇಜರ್ ಒಬ್ಬರ ಕಥೆ ಅಲ್ಲ. ಮೈಕ್ ನಿಮ್ಮ ಕೈಗೆ ಕೊಟ್ಟರೂ ನೀವು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಡನ್ನು ಇಳಿಸಿ.

ಎಷ್ಟು ಇಳಿಸಬೇಕು ಅನ್ನೋದನ್ನು ಅಂದಾಜಿನ ಮೇಲೆ ಹೇಳಬೇಡಿ. ಗಿಟಾರ್ ಹಿಡಿದು ಅವರ ಪಕ್ಕ ಕೂತು ಒಂದೊಂದೇ ಸ್ವರ ಏರಿಸುತ್ತಾ ಹೋಗಿ. ಹೇಗೋ ಒಂದು ಸಲ ಮುಟ್ಟಿ ಬಂದ ಸ್ವರ ಲೆಕ್ಕಕ್ಕಿಲ್ಲ. ನಾಲ್ಕು ಸಲ ಬಿಡದೆ ಹಾಡಿದರೂ ಮುಖ ಕೆಂಪಾಗದ ಸ್ವರ ಯಾವುದೋ ಅದು ಮಿತಿ. ಹಾಡಿನ ಅತಿ ಎತ್ತರದ ಸ್ವರ ಅಲ್ಲಿಗೆ ಬಂದು ಕೂರಬೇಕು. ಎ ಇದ್ದದ್ದು ಎಫ್ ಶಾರ್ಪ್‌ಗೆ ಬರಬೇಕಾದರೆ ಮೂರು ಸೆಮಿಟೋನ್ (ಅರ್ಧ ಸ್ವರ). ಆಮೇಲೆ ವರ್ಸ್‌ನ ಅತಿ ಕೆಳಗಿನ ಸ್ವರ ಹಾಡಿಸಿ ನೋಡಿ. ಅದು ಗೊಣಗಾಟ ಆಗಿಬಿಟ್ಟರೆ ಒಂದು ಸೆಮಿಟೋನ್ ವಾಪಸ್ ಏರಿಸಿ.

ನಿಷ್ಠುರ_ನಾಗ

ಒರಿಜಿನಲ್ ಸ್ಕೇಲ್ ಬಿಟ್ಟ ಮೇಲೆ ಅದೆಂಥ ಕವರ್? ಎಷ್ಟೋ ರಿಫ್‌ಗಳ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಗತ್ತು ಇರುವುದೇ ಖಾಲಿ, ಅಂದರೆ ಬೆರಳು ಒತ್ತದ ಇ ತಂತಿಯಲ್ಲಿ. ಅದನ್ನು ಮೇಲೆ ಕೆಳಗೆ ಜರುಗಿಸಿದರೆ ಉಳಿಯೋದೇನು? ಹಾಡೋಕೆ ಆಗದಿದ್ದರೆ ಆ ಹಾಡು ಬಿಡಿ, ಬೇರೆ ಆರಿಸಿ. ಮೊದಲೇ ಕವರ್ ಅಂದರೆ ನಕಲು. ನಕಲನ್ನೂ ಅರ್ಧಂಬರ್ಧ ಮಾಡಿದರೆ ಏನು ಬಂತು?

ಕೀಬೋರ್ಡ್_ಕಿಟ್ಟಿ

ನಾಗಣ್ಣ, ಬೀಟಲ್ಸ್‌ನವರ ಮೊದಲ ಆಲ್ಬಂ 1963ರದ್ದು. ಒಟ್ಟು 14 ಹಾಡು, ಅದರಲ್ಲಿ 6 ಬೇರೆಯವರದ್ದು. ಅವರೂ ಕವರ್ ಬಾರಿಸಿ ಬಾರಿಸಿಯೇ ಕೈ ಪಳಗಿಸಿಕೊಂಡವರು. ಇನ್ನು ಜಿಮಿ ಹೆಂಡ್ರಿಕ್ಸ್ ಎಷ್ಟೋ ಸಲ ಗಿಟಾರನ್ನೇ ಒಂದು ಸೆಮಿಟೋನ್ ಇಳಿಸಿಕೊಂಡು ಬಾರಿಸುತ್ತಿದ್ದರು. ಇಳಿಸೋದು ಅಪರಾಧ ಏನಲ್ಲ. ಹಾಡು ಯಾವ ಸ್ಕೇಲ್‌ನಲ್ಲಿದೆ ಅಂತ ಸಭೆಯಲ್ಲಿ ಯಾರೂ ಅಳೆಯುತ್ತಾ ಕೂರುವುದಿಲ್ಲ. ಹಾಡುಗಾರ ಒದ್ದಾಡಿದ್ದು ಮಾತ್ರ ಕೊನೇ ಸಾಲಿನವರಿಗೂ ಗೊತ್ತಾಗುತ್ತದೆ.

ಅಂದಹಾಗೆ ಕೀಬೋರ್ಡ್ ಬಾರಿಸುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಟ್ರಾನ್ಸ್‌ಪೋಸ್ ಬಟನ್ (ಒತ್ತಿದರೆ ಸ್ಕೇಲ್ ತಾನೇ ಬದಲಾಗುವ ಬಟನ್) ಇದೆ ಅಂತ ಜಾಸ್ತಿ ಹಿಗ್ಗಬೇಡಿ. ಮುಂದಿನ ಹಾಡಿಗೆ ಅದನ್ನು ಸೊನ್ನೆಗೆ ತರದೇ ಇದ್ದರೆ ಮೊದಲ ಕಾರ್ಡ್‌ಗೇ ಮಾನ ಹೋಗುತ್ತದೆ. ಸೆಟ್ ಲಿಸ್ಟ್ ಹಾಳೆಯಲ್ಲಿ ಪ್ರತಿ ಹಾಡಿನ ಪಕ್ಕ ದಪ್ಪಗೆ "-2", "0" ಅಂತ ಬರೆದಿಡಿ.

ಬೇಸ್_ಭೈರ

ನಾಗ ಅವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಖಾಲಿ ತಂತಿಯ ರಿಫ್ ಇರುವ ಹಾಡಿನಲ್ಲಿ ಕೈ ಜರುಗಿಸಿದರೆ ಸಪ್ಪೆಯಾಗುತ್ತದೆ. ಹಾಗಾಗಿ ಬೆರಳಿನ ಜಾಗ ಬದಲಿಸಬೇಡಿ, ತಂತಿಯನ್ನೇ ಇಳಿಸಿ. ಎಲ್ಲರೂ ಒಂದು ಸೆಮಿಟೋನ್ ಇಳಿಸಿದರೆ ಕಲಿತ ಶೇಪ್‌ಗಳು (ಬೆರಳಿಡುವ ರೀತಿ) ಹಾಗೇ ಇರುತ್ತವೆ. ಎರಡು ಇಳಿಸಿದರೂ ನಡೆಯುತ್ತದೆ, ಬೇಸ್‌ನ ದಪ್ಪ ತಂತಿ ಸ್ವಲ್ಪ ಸಡಿಲವಾಗುತ್ತದೆ. ಮೂರಕ್ಕೆ ಹೋದರೆ ನಾಲ್ಕು ತಂತಿಯ ಬೇಸ್‌ನವರಿಗೆ ಕಷ್ಟ. ಇ ಸ್ಕೇಲ್ ಹಾಡು ಸಿ ಶಾರ್ಪ್‌ಗೆ ಬರುತ್ತದೆ. ಅಷ್ಟು ಕೆಳಗಿನ ಸಿ ಶಾರ್ಪ್ ಮಾಮೂಲಿ ಟ್ಯೂನಿಂಗ್‌ನಲ್ಲಿ ನಮ್ಮ ಹತ್ತಿರ ಇಲ್ಲವೇ ಇಲ್ಲ. ಒಂದು ಸಪ್ತಕ ಮೇಲೆ ಬಾರಿಸಿದರೆ ತೂಕ ಹೋಗುತ್ತದೆ. ಇಲ್ಲವಾದರೆ ಐದು ತಂತಿಯ ಬೇಸ್ ಹುಡುಕಬೇಕು.

ಓಪನ್ ಕಾರ್ಡ್ (ಖಾಲಿ ತಂತಿಗಳೂ ಸೇರುವ ಕಾರ್ಡ್) ಹಾಡುಗಳಿಗೆ ಕೇಪೋ ಇದೆಯಲ್ಲ, ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್. ಎ ಸ್ಕೇಲ್ ಹಾಡನ್ನು ಎಫ್ ಶಾರ್ಪ್‌ಗೆ ಇಳಿಸಿ ಬರೀ ಬಾರ್ ಕಾರ್ಡ್ (ಒಂದೇ ಬೆರಳಿನಲ್ಲಿ ಎಲ್ಲ ತಂತಿ ಒತ್ತುವ ಕಾರ್ಡ್) ಹಿಡಿದರೆ ಕೈ ಸೋತುಹೋಗುತ್ತದೆ. ಎರಡನೇ ಫ್ರೆಟ್‌ಗೆ ಕೇಪೋ ಹಾಕಿ ಇ ಶೇಪ್ ಹಿಡಿಯಿರಿ. ಅಥವಾ ನಾಲ್ಕನೇ ಫ್ರೆಟ್‌ಗೆ ಹಾಕಿ ಡಿ ಶೇಪ್. ಇಬ್ಬರು ಗಿಟಾರಿಸ್ಟ್ ಇದ್ದೀರಿ. ಒಬ್ಬೊಬ್ಬರು ಒಂದೊಂದು ಹಿಡಿದರೆ ತುಂಬಿಕೊಂಡು ಕೇಳಿಸುತ್ತದೆ.

ಆರನೇ_ತಂತಿ

ಸ್ಕೇಲ್ ವಿಷಯ ಅರ್ಥವಾಯಿತು. ಆದರೆ "ಸರ್, ನಿಮಗೋಸ್ಕರ ಇಳಿಸೋಣ" ಅಂತ ಬಾಯಿ ಬಿಡೋದು ಹೇಗೆ? ಬೆಕ್ಕಿಗೆ ಗಂಟೆ ಕಟ್ಟೋರು ಯಾರು?

ರಿದಮ್_ಅಕ್ಕ

ನಾನು ಆ ಕಡೆಯವಳು. ಆಫೀಸಿನಲ್ಲಿ ನಾನೊಂದು ತಂಡ ನೋಡಿಕೊಳ್ಳುತ್ತೇನೆ. ಆ ತಂಡದ ಇಬ್ಬರು ಹುಡುಗರ ಜೊತೆ ಬ್ಯಾಂಡಿನಲ್ಲಿ ರಿದಮ್ ಗಿಟಾರ್ ಬಾರಿಸುತ್ತೇನೆ. ಹಾಗಾಗಿ ನಿಮ್ಮ ಮ್ಯಾನೇಜರ್ ಪರವಾಗಿ ನಾಲ್ಕು ಮಾತು.

ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಗಂಟಲು ಬಿಗಿದದ್ದು ಹಾಡುವವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. "ಹೇಗಿತ್ತು?" ಅಂತ ಪ್ರತಿ ಸಲ ಕೇಳುವುದು ಬಹುಶಃ ಅದಕ್ಕೇ. ನೀವು ಸೂಪರ್ ಅಂದುಬಿಟ್ಟರೆ ಅವರಿಗೂ ಮುಂದಿನ ಮಾತು ಎತ್ತೋಕೆ ದಾರಿ ಇರುವುದಿಲ್ಲ. ನಮ್ಮವರೂ ಹಾಗೇ ಮಾಡುತ್ತಿದ್ದರು. ಏನು ಬಾರಿಸಿದರೂ ಚೆನ್ನಾಗಿದೆ ಮೇಡಂ, ಚೆನ್ನಾಗಿದೆ ಮೇಡಂ. ಆಮೇಲೆ ನಾನು ಕೇಳುವ ರೀತಿಯನ್ನೇ ಬದಲಿಸಿದೆ. "ಈ ಹಾಡಿನಲ್ಲಿ ನಾನು ಎಲ್ಲಿ ಬಾರಿಸದೇ ಸುಮ್ಮನಿದ್ದರೆ ಒಳ್ಳೆಯದು?" ಅಂತ ಕೇಳಿದರೆ ಏನಾದರೂ ಒಂದು ಜಾಗ ಹೇಳಲೇಬೇಕಲ್ಲ. ಎರಡನೇ ವರ್ಸ್ ಅಂದರು. ಸರಿಯಾಗೇ ಇತ್ತು.

ನೀವು ಕೆಳಗಿನವರು, ನೀವು ಹಾಗೆ ಕೇಳೋಕೆ ಬರುವುದಿಲ್ಲ. ಆದರೆ ಹೀಗೆ ಮಾಡಬಹುದು. "ಸರ್, ಈ ಹಾಡು ಇ-ಯಲ್ಲಿ ಒಂದು ಸಲ, ಡಿ-ಯಲ್ಲಿ ಒಂದು ಸಲ ಬಾರಿಸಿ ರೆಕಾರ್ಡ್ ಮಾಡೋಣ. ಯಾವುದು ಚೆನ್ನಾಗಿ ಕೇಳುತ್ತೆ ನೋಡೋಣ" ಅನ್ನಿ. ಯಾರೂ ಯಾರ ತಪ್ಪನ್ನೂ ಎತ್ತಿ ಆಡಬೇಕಾಗಿಲ್ಲ. ಆದರೆ ಅವರು ಹಾಡುವ ಹಾಡಿಗೆ ಮಾತ್ರ ಹೀಗೆ ಮಾಡಿದರೆ ತಕ್ಷಣ ಗೊತ್ತಾಗಿಬಿಡುತ್ತದೆ. ನಿಮ್ಮ ಸೋಲೋ ಎರಡು ಥರ ಬಾರಿಸಿ ರೆಕಾರ್ಡ್ ಮಾಡಿ. ಡ್ರಮ್ಮರ್ ಎರಡು ಬೀಟ್ ಬಾರಿಸಲಿ. ಎಲ್ಲರದ್ದೂ ಹರಾಜಿಗೆ ಬಿದ್ದರೆ ಒಬ್ಬರ ಮಾನ ಹೋಗುವುದಿಲ್ಲ.

ಫೋನ್‌ನಲ್ಲಿ ರೆಕಾರ್ಡ್ ಮಾಡುವಾಗ ಡ್ರಮ್ಸ್ ಎದುರು ಇಡಬೇಡಿ, ಸದ್ದು ಒಡೆದು ಬರೀ ಗರಗರ ಬರುತ್ತದೆ. ರೂಮಿನ ಆ ಮೂಲೆಯಲ್ಲಿ ಇಡಿ. ಅಲ್ಲೇ ಕೂತು ಕೇಳಬೇಡಿ ಕೂಡ. ಎಲ್ಲರಿಗೂ ಕಳಿಸಿ, ಒಬ್ಬೊಬ್ಬರೇ ಮನೆಯಲ್ಲಿ ಕೇಳಲಿ. ಮುಂದಿನ ಸಲ ಸೇರಿದಾಗ ಪ್ರತಿಯೊಬ್ಬರೂ ಮೊದಲು ತಾವು ಬಾರಿಸಿದ್ದರ ಬಗ್ಗೆ ಮಾತಾಡಲಿ.

ನಿಷ್ಠುರ_ನಾಗ

ಅಕ್ಕ, ನಿಮ್ಮ ಮಾತು ನೀವು ಒಳ್ಳೆಯವರು ಅನ್ನೋದರ ಮೇಲೆ ನಿಂತಿದೆ. ಪ್ರಾಕ್ಟೀಸ್ ರೂಮಿನೊಳಗೆ ಎಲ್ಲರೂ ಸಮ ಅಂತ ಮೇಲಿನವರಿಗೆ ಅನಿಸುತ್ತದೆ. ಕೆಳಗಿದ್ದವರಿಗೆ ಹಾಗೆ ಯಾವತ್ತೂ ಅನಿಸುವುದಿಲ್ಲ. ಇವರು ರೆಕಾರ್ಡಿಂಗ್ ನಾಟಕ ಎಲ್ಲ ಆಡಿ, ಆಮೇಲೆ ಇಂಕ್ರಿಮೆಂಟ್ ಕಮ್ಮಿ ಬಂದರೆ ಜೀವನವಿಡೀ ಅದೇ ಅನುಮಾನ. ಅದಕ್ಕಿಂತ ಅವರ ದನಿಗೆ ಸಲೀಸಾದ ಹಾಡುಗಳನ್ನೇ ಪಟ್ಟಿಗೆ ಸೇರಿಸಿ. ಬಾಯಿ ಮುಚ್ಚಿಕೊಂಡು ಬಾರಿಸಿ.

ರಿದಮ್_ಅಕ್ಕ

ಅದೂ ಒಂದು ದಾರಿ, ಇಲ್ಲ ಅನ್ನುವುದಿಲ್ಲ. ಆದರೆ ಹಾಡು ಆರಿಸುವವರೂ ಅವರೇ ಆಗಿದ್ದರೆ?

ನಮ್ಮಲ್ಲಿ ಹಾಡು ಆರಿಸುವ ಸರದಿ ತಿಂಗಳಿಗೊಬ್ಬರದ್ದು. ಟೆಂಪೋ (ಹಾಡಿನ ವೇಗ) ವಿಷಯದಲ್ಲಿ ಡ್ರಮ್ಮರ್ ಹೇಳಿದ್ದೇ ಕೊನೆ ಮಾತು, ಆಫೀಸಿನಲ್ಲಿ ಅವನು ಎಲ್ಲರಿಗಿಂತ ಕಿರಿಯ. ಬ್ಯಾಂಡಿನ ಮೆಸೇಜ್ ಗ್ರೂಪ್ ಬೇರೆ, ಅಲ್ಲಿ ಕೆಲಸದ ಮಾತು ಬರೆದವರು ಆವತ್ತು ಎಲ್ಲರ ಕೇಬಲ್ ಸುತ್ತಬೇಕು. ಜಾಸ್ತಿ ಸಲ ಸುತ್ತಿದವಳು ನಾನೇ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಬ್ಯಾಂಡಿನಲ್ಲಿ ಇಲ್ಲದವರು ನೋಡುತ್ತಿರುತ್ತಾರೆ. ಡ್ರಮ್ಮರ್‌ಗೆ ರಜೆ ಸುಲಭವಾಗಿ ಸಿಕ್ಕಿತು, ಪ್ರಾಕ್ಟೀಸ್ ದಿನ ಬೇಗ ಬಿಟ್ಟರು ಅಂತ ಒಂದು ಸಲ ಬಾಯಿಗೆ ಬಿದ್ದರೆ ಮುಗಿಯಿತು. ನಾನು ಬ್ಯಾಂಡ್ ಹುಡುಗರ ರಜೆ ಅರ್ಜಿಗಳನ್ನು ಇನ್ನೊಬ್ಬ ಮ್ಯಾನೇಜರ್‌ಗೂ ತೋರಿಸಿಯೇ ಒಪ್ಪುವುದು.

ಧ್ವನಿಪೆಟ್ಟಿಗೆ

ಹಾಡು ಕಲಿಸುವವಳಾಗಿ ನನ್ನದು ಬೇರೆ ಪ್ರಶ್ನೆ. ಅವರಿಗೆ ಅವರ ದನಿ ಕೇಳಿಸುತ್ತಿದೆಯಾ?

ಎಲ್ಲರೂ ಸ್ಕೇಲ್ ಹಿಂದೆ ಬಿದ್ದಿದ್ದೀರಿ. ಗದ್ದಲ ಜಾಸ್ತಿಯಾದರೆ ಮನುಷ್ಯ ತನಗೆ ಗೊತ್ತಿಲ್ಲದೇ ದನಿ ಏರಿಸುತ್ತಾನೆ. 1911ರಲ್ಲಿ ಎಟಿಯೆನ್ ಲೊಂಬಾರ್ ಅನ್ನುವ ಫ್ರೆಂಚ್ ವೈದ್ಯರು ಇದನ್ನು ಬರೆದಿಟ್ಟರು, ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಕೋರಸ್‌ನಲ್ಲಿ ಎರಡು ಗಿಟಾರ್, ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಎಲ್ಲ ಒಟ್ಟಿಗೆ ಎದ್ದು ಬಂದಾಗ ಹಾಡುವವರು ತಳ್ಳುತ್ತಾರೆ, ಕಿರುಚುತ್ತಾರೆ. ತಳ್ಳಿದಷ್ಟೂ ಗಂಟಲು ಬಿಗಿ. ತನ್ನ ಸ್ವರವೇ ಕಿವಿಗೆ ಬೀಳದಿದ್ದರೆ ಶ್ರುತಿ ಸರಿಮಾಡಿಕೊಳ್ಳುವುದಾದರೂ ಹೇಗೆ? ವರ್ಸ್‌ನಲ್ಲಿ ಚೆನ್ನಾಗಿದೆ, ಕೋರಸ್‌ನಲ್ಲಿ ಜಾರುತ್ತದೆ ಅಂದಿರಲ್ಲ, ನನಗೆ ಅನುಮಾನ ಬಂದಿದ್ದು ಅಲ್ಲೇ. ಒಂದು ದಿನ ಅವರ ಜೊತೆ ಬರೀ ಒಂದು ಅಕೂಸ್ಟಿಕ್ ಗಿಟಾರ್ ಇಟ್ಟುಕೊಂಡು ಅದೇ ಕೋರಸ್ ಹಾಡಿಸಿ. ಅಲ್ಲಿ ಸ್ವರ ಸಿಕ್ಕಿದರೆ ತೊಂದರೆ ಅವರ ಗಂಟಲಿನದ್ದಲ್ಲ, ನಿಮ್ಮ ರೂಮಿನದ್ದು.

ಆರನೇ_ತಂತಿ

ಇದು ಹೊಳೆದಿರಲಿಲ್ಲ. ನಮ್ಮದು ಸಣ್ಣ ರೂಮು. ಎರಡೂ ಗಿಟಾರ್ ಆಂಪ್ (ಗಿಟಾರ್ ಸದ್ದು ಏರಿಸುವ ಪೆಟ್ಟಿಗೆ) ನೆಲದ ಮೇಲೆ. ಮೈಕ್‌ನ ಸ್ಪೀಕರ್ ಒಂದೇ ಇದೆ, ಅದು ಡ್ರಮ್ಮರ್ ಪಕ್ಕ ಗೋಡೆಗೆ ಒರಗಿದೆ. ಹಾಡುವವರು ನಮ್ಮ ಕಡೆ ಬೆನ್ನು ಮಾಡಿ ಬಾಗಿಲ ಕಡೆ ನಿಲ್ಲುತ್ತಾರೆ, ಸ್ಟೇಜ್ ಅಭ್ಯಾಸ ಆಗಲಿ ಅಂತ.

ವೈರ್_ಸುತ್ತುವವ

ಸ್ಪೀಕರ್ ಬೆನ್ನ ಹಿಂದೆ, ಮೈಕ್ ಬಾಯಿ ಸ್ಪೀಕರ್ ಕಡೆಗೆ. ವಾಲ್ಯೂಮ್ ಏರಿಸಿದರೆ ಕೀಂ ಅನ್ನುತ್ತದೆ, ಇಳಿಸಿದರೆ ದನಿ ಕೇಳಿಸುವುದಿಲ್ಲ. ಸರಿ ಅಲ್ವಾ? ಇದು ಅಭ್ಯಾಸದ ರೂಮುಗಳ ಮಾಮೂಲಿ ಕಾಯಿಲೆ.

ಬಹುಶಃ ನಿಮ್ಮದು ಶೂರ್ ಎಸ್‌ಎಂ58 ಥರದ ಮೈಕ್ ಇರಬೇಕು. 1966ರಿಂದ ಬರುತ್ತಿರುವ ಮೈಕ್ ಅದು, ಎಲ್ಲ ಕಡೆ ಅದೇ ಇರುತ್ತದೆ. ಅದಕ್ಕೆ ಹಿಂಬದಿಯಿಂದ ಬರುವ ಸದ್ದು ಅತಿ ಕಮ್ಮಿ ಕೇಳಿಸುತ್ತದೆ. ಹಾಗಾಗಿ ಸ್ಪೀಕರ್ ಮೈಕ್‌ನ ಬಾಲದ ಕಡೆ ಇರಬೇಕು, ಹಾಡುವವರ ಮುಖದ ಕಡೆ ತಿರುಗಿರಬೇಕು. ಸೂಪರ್ ಕಾರ್ಡಿಯಾಯ್ಡ್ (ಎದುರಿನ ಸದ್ದನ್ನು ಇನ್ನೂ ಇಕ್ಕಟ್ಟಾಗಿ ಹಿಡಿಯುವ) ಮೈಕ್ ಆದರೆ ನೇರ ಹಿಂದೆ ಬೇಡ, ಸ್ವಲ್ಪ ಪಕ್ಕಕ್ಕೆ ಇಡಿ, ಅದರ ಕಿವುಡು ಜಾಗ ಅಲ್ಲಿ. ರಾಕ್ ಹಾಡುಗಾರರ ಸ್ಟೈಲ್ ಅಂತ ಮೈಕ್ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು ಬೇಡ. ಹಾಗೆ ಹಿಡಿದರೆ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುತ್ತದೆ, ಮತ್ತೆ ಕೀಂ.

ಈಗ ಗಿಟಾರ್‌ನವರ ಸರದಿ. ನೆಲದ ಮೇಲಿನ ಆಂಪ್ ನಿಮ್ಮ ಮೊಣಕಾಲಿಗೆ ಬಾರಿಸುತ್ತದೆ. ಎದುರು ನಿಂತವರ ಕಿವಿಗೆ ನೇರ ಬಡಿಯುತ್ತದೆ. ನಿಮಗೆ ಕೇಳಿಸಲಿಲ್ಲ ಅಂತ ನೀವು ಏರಿಸುತ್ತೀರಿ, ಪಕ್ಕದವರೂ ಏರಿಸುತ್ತಾರೆ, ಡ್ರಮ್ಮರ್ ಜೋರಾಗಿ ಹೊಡೆಯುತ್ತಾರೆ. ಆಂಪ್ ಅನ್ನು ಕುರ್ಚಿ ಮೇಲೆ ಇಡಿ, ಇಲ್ಲವೇ ಹಿಂದಕ್ಕೆ ವಾಲಿಸಿ ನಿಮ್ಮ ಕಿವಿಯ ಕಡೆ ತಿರುಗಿಸಿ. ಆಗ ತಾನಾಗಿ ನಾಬ್ ಕೆಳಗೆ ಬರುತ್ತದೆ. 50 ವ್ಯಾಟ್ ಬದಲು 100 ವ್ಯಾಟ್ ತಂದರೆ ಎರಡು ಪಟ್ಟು ಸದ್ದು ಅಂದುಕೊಂಡವರು ಬಹಳ ಜನ. ಹೆಚ್ಚಾಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಇಂಥ ಸಣ್ಣ ರೂಮಿಗೆ 15 ವ್ಯಾಟ್‌ನ ವಾಲ್ವ್ ಆಂಪೇ ಜಾಸ್ತಿ.

ಟೋನ್ ಬಗ್ಗೆ ಒಂದು. ಮನೆಯಲ್ಲಿ ಒಬ್ಬರೇ ಬಾರಿಸುವಾಗ ಬೇಸ್ (ಕೆಳಗಿನ ಸದ್ದು), ಟ್ರೆಬಲ್ (ಮೇಲಿನದು) ಏರಿಸಿ ಮಿಡ್ (ನಡುವಿನದು) ಪೂರ್ತಿ ಇಳಿಸಿದರೆ ಭಾರಿ ಚೆಂದ ಕೇಳುತ್ತದೆ. ಬ್ಯಾಂಡಿನಲ್ಲಿ ಅದೇ ಸೆಟ್ಟಿಂಗ್ ಮಾಯವಾಗಿಬಿಡುತ್ತದೆ, ಯಾಕೆಂದರೆ ಕೆಳಗೆ ಬೇಸ್ ಇದೆ, ಮೇಲೆ ಸಿಂಬಲ್ ಇದೆ. ಮಿಡ್ ಕೊಡಿ, ವಾಲ್ಯೂಮ್ ಇಳಿಸಿ. ಇಬ್ಬರೂ ಒಂದೇ ಜಾಗದಲ್ಲಿ ಮಿಡ್ ಏರಿಸಿ ಹಾಡುವವರ ಮೇಲೆ ಬೀಳಬೇಡಿ ಅಷ್ಟೇ.

ಕಿಕ್_ಸ್ನೇರ್

ಡ್ರಮ್ಮರ್ ಜೋರಾಗಿ ಹೊಡೆಯುತ್ತಾರೆ ಅಂತ ಎಲ್ಲರೂ ಸಲೀಸಾಗಿ ಹೇಳುತ್ತೀರಿ. ನಮಗೆ ವಾಲ್ಯೂಮ್ ನಾಬ್ ಇಲ್ಲ ಸ್ವಾಮಿ. ರಾಡ್ಸ್ ಅಂತ ಸಿಗುತ್ತವೆ, ಸಣ್ಣ ಕಡ್ಡಿಗಳ ಕಟ್ಟು. ಅದರಲ್ಲಿ ಬಾರಿಸಿದರೆ ಸ್ನೇರ್ ತಣ್ಣಗಾಗುತ್ತದೆ. ಆದರೆ ಸಣ್ಣ ರೂಮಿನಲ್ಲಿ ಕಿವಿ ಕೊಯ್ಯುವುದು ಸಿಂಬಲ್. ಕೋರಸ್ ಬಂತೆಂದು ಕ್ರ್ಯಾಶ್ (ದೊಡ್ಡ ಸಿಂಬಲ್) ಮೇಲೆ ಸವಾರಿ ಮಾಡುವ ಬದಲು ಹೈ ಹ್ಯಾಟ್ (ಜೋಡಿ ಸಿಂಬಲ್) ಅರ್ಧ ತೆರೆದು ಬಾರಿಸಿದರೆ ಹಾಡುವವರು ಉಳಿಯುತ್ತಾರೆ.

ಎಲೆಕ್ಟ್ರಾನಿಕ್ ಕಿಟ್ ತಂದು ಆಫೀಸಿನಲ್ಲೇ ಹೆಡ್‌ಫೋನ್ ಹಾಕಿಕೊಂಡು ಪ್ರಾಕ್ಟೀಸ್ ಮಾಡೋಣ ಅನ್ನುವವರಿಗೆ ಎಚ್ಚರಿಕೆ. ಪ್ಯಾಡ್ ಸದ್ದು ಕಮ್ಮಿಯೇ. ಕಿಕ್ ಪೆಡಲ್‌ನ ಗುದ್ದು ಮಾತ್ರ ನೆಲದ ಮೂಲಕ ಕೆಳಗಿನ ಮಹಡಿಗೆ ಇಳಿಯುತ್ತದೆ. ಅಲ್ಲಿ ಯಾರಾದರೂ ತಡವಾಗಿ ಕೆಲಸ ಮಾಡುತ್ತಿದ್ದರೆ ಮಾರನೇ ದಿನ ದೂರು ಗ್ಯಾರಂಟಿ. ಕೆಳಗೆ ದಪ್ಪ ಮ್ಯಾಟ್ ಹಾಕಿದರೂ ಪೂರ್ತಿ ನಿಲ್ಲುವುದಿಲ್ಲ.

ಟೆಂಪೋ ಕೂಡ ಒಂದು ಸಲ ಅಳೆದು ನೋಡಿ. ನಿಮಿಷಕ್ಕೆ 120 ಬೀಟ್‌ಗೆ ಶುರುವಾದ ಹಾಡು ಕೊನೇ ಕೋರಸ್‌ಗೆ 130 ಮುಟ್ಟಿರುತ್ತದೆ. ಹಾಡುವವರಿಗೆ ಉಸಿರು ಎಳೆಯುವ ಜಾಗವೇ ಇರುವುದಿಲ್ಲ. ಮೇಲಿನ ಸ್ವರಕ್ಕೆ ಮುಂಚೆ ಉಸಿರು ಸಿಗದಿದ್ದರೆ ಯಾವ ಸ್ಕೇಲ್‌ಗೆ ಇಳಿಸಿದರೂ ಅಷ್ಟೇ. ಬರೀ ಬೇಸ್ ಮತ್ತು ಕಿಕ್ ಇಬ್ಬರೇ ಮೆಟ್ರೊನೋಮ್ ಜೊತೆ ಇಡೀ ಹಾಡು ಬಾರಿಸಿ ನೋಡಿ. ಎಲ್ಲಿ ಓಡುತ್ತೀರಿ ಅನ್ನೋದು ಅಲ್ಲಿ ಬಯಲಾಗುತ್ತದೆ. ಸಾಮಾನ್ಯವಾಗಿ ಫಿಲ್ (ಸಾಲುಗಳ ನಡುವೆ ತುಂಬುವ ಡ್ರಮ್ ತುಣುಕು) ಬಾರಿಸಿದ ಮುಂದಿನ ಬಾರ್‌ನಲ್ಲಿ, ಅಂದರೆ ತಾಳದ ಮುಂದಿನ ಸುತ್ತಿನಲ್ಲಿ.

ಸುಮ್ನೆ_ಕೇಳುಗ

ನನಗೆ ಏನೂ ಬಾರಿಸೋಕೆ ಬರುವುದಿಲ್ಲ. ನಮ್ಮ ಆಫೀಸ್ ಬ್ಯಾಂಡ್ ಕೇಳಿ ಕೇಳಿ ಅನುಭವ ಇದೆ ಅಷ್ಟೇ. ಕುರ್ಚಿಯಲ್ಲಿ ಕೂತವರ ಪರವಾಗಿ ಒಂದು ಅರ್ಜಿ. ನಮಗೆ ಗೊತ್ತಿರುವ ಹಾಡು ಬಾರಿಸಿ. ನಿಮಗೆ ಇಷ್ಟ, ನಮಗೆ ಗೊತ್ತಿಲ್ಲ ಅನ್ನುವ ಹಾಡು ಒಂದಿರಲಿ, ಎರಡು ಬೇಡ. ಗಿಟಾರ್ ಸೋಲೋ ಚೆನ್ನಾಗಿರುತ್ತದೆ, ಅದಕ್ಕೊಂದು ಕೊನೆ ಇದ್ದರೆ ಇನ್ನೂ ಚೆನ್ನಾಗಿರುತ್ತದೆ. ಹಾಡಿನ ಮಧ್ಯೆ ಟಿಂಗ್ ಟಿಂಗ್ ಅಂತ ಟ್ಯೂನ್ ಮಾಡುತ್ತಾ ನಿಂತರೆ ನಾವು ಫೋನ್ ತೆಗೆಯುತ್ತೇವೆ. ಒಮ್ಮೆ ತೆಗೆದರೆ ಆಮೇಲೆ ತಲೆ ಎತ್ತುವುದಿಲ್ಲ.

ಮ್ಯಾನೇಜರ್ ಹಾಡುತ್ತಿದ್ದರೆ ನಾವು ಹೇಗಿದ್ದರೂ ಚಪ್ಪಾಳೆ ತಟ್ಟುತ್ತೇವೆ, ಅದರ ಚಿಂತೆ ಬೇಡ.

ಕೀಬೋರ್ಡ್_ಕಿಟ್ಟಿ

ಕೊನೇ ಸಾಲೇ ಅಪಾಯದ್ದು. ಆ ಚಪ್ಪಾಳೆ ನಂಬಿ ಕೆಟ್ಟ ಬ್ಯಾಂಡುಗಳು ಬಹಳ ಇವೆ.

ಸೆಟ್ ಲಿಸ್ಟ್ ಬಗ್ಗೆ ಕೇಳುಗರು ಹೇಳಿದ್ದು ನೂರಕ್ಕೆ ನೂರು ಸರಿ. ಅರ್ಧ ಗಂಟೆ ಅಂದರೆ ಆರು, ಹೆಚ್ಚೆಂದರೆ ಏಳು ಹಾಡು, ಮಾತು ಎಲ್ಲ ಸೇರಿ. ತಂತಿ ಇಳಿಸಿದ ಹಾಡುಗಳನ್ನೆಲ್ಲ ಒಟ್ಟಿಗೆ ಇಡಿ, ಮಧ್ಯೆ ಮಧ್ಯೆ ಟ್ಯೂನ್ ಬದಲಿಸುವ ಕೆಲಸ ಬೇಡ. ಪೆಡಲ್ ಟ್ಯೂನರ್ ಇದ್ದರೆ ಸದ್ದು ಆಚೆ ಹೋಗದಂತೆ ಟ್ಯೂನ್ ಮಾಡಬಹುದು. ಮೊದಲ ಹಾಡು ಎಲ್ಲರಿಗೂ ಕೈಗೆ ಬಂದಿರುವ ಹಾಡಾಗಿರಲಿ. ಎತ್ತರದ ಕೋರಸ್ ಇರುವುದನ್ನು ಮೂರನೆಯದೋ ನಾಲ್ಕನೆಯದೋ ಮಾಡಿ. ಆಗ ಗಂಟಲು ಬಿಸಿಯಾಗಿರುತ್ತದೆ, ಇನ್ನೂ ಸುಸ್ತಾಗಿರುವುದಿಲ್ಲ.

ಆರನೇ_ತಂತಿ

ಒಂದು ಅಪ್‌ಡೇಟ್. ಸ್ಪೀಕರ್ ಅನ್ನು ಹಾಡುವವರ ಮುಂದೆ ತಂದೆವು. ಎರಡೂ ಆಂಪ್ ಕುರ್ಚಿ ಮೇಲೆ ಕೂತಿವೆ. ಮೂರು ಹಾಡನ್ನು ಎರಡೆರಡು ಸ್ಕೇಲ್‌ನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದೆವು, ನನ್ನ ಸೋಲೋ ಕೂಡ ಎರಡು ಥರ.

ಒಂದು ಹಾಡಿಗೆ ಸ್ಕೇಲ್ ಇಳಿಸುವ ಅಗತ್ಯವೇ ಬೀಳಲಿಲ್ಲ. ದನಿ ಕಿವಿಗೆ ಬಿದ್ದ ತಕ್ಷಣ ಸ್ವರ ಸರಿಯಾಗಿ ಕೂತಿತು. ಎರಡನೆಯದು ಎರಡು ಸೆಮಿಟೋನ್ ಕೆಳಗೆ ಬಂತು. ಮೂರನೆಯದಕ್ಕೆ ಏನೂ ಗಿಟ್ಟಲಿಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ರೆಕಾರ್ಡಿಂಗ್ ಕೇಳಿ ಅವರೇ ಗ್ರೂಪಿನಲ್ಲಿ ಬರೆದರು, ಈ ಕೋರಸ್ ರಿದಮ್ ಗಿಟಾರ್‌ನವನು ಹಾಡಲಿ, ನಾನು ಕೆಳಗಿನ ಹಾರ್ಮನಿ ಹಿಡಿಯುತ್ತೇನೆ ಅಂತ. ಜೊತೆಗೆ ನನ್ನ ಸೋಲೋದ ಚಿಕ್ಕ ಆವೃತ್ತಿಯೇ ಚೆನ್ನಾಗಿದೆ ಅಂತಲೂ ಬರೆದರು. ನಾಲ್ಕು ಜನ ಅದಕ್ಕೆ ಲೈಕ್ ಒತ್ತಿದರು.

ನಿಷ್ಠುರ_ನಾಗ

ಒಳ್ಳೆಯದಾಯಿತು. ಆದರೂ ನನ್ನ ಮಾತು ನಾನು ಬಿಡುವುದಿಲ್ಲ. ನಿಮ್ಮ ಮ್ಯಾನೇಜರ್ ಒಳ್ಳೆಯವರು, ಹಾಗಾಗಿ ಗೆದ್ದಿರಿ. ಎಲ್ಲರಿಗೂ ಈ ಸಲಹೆ ಕೊಡಬೇಡಿ.

ವೈರ್_ಸುತ್ತುವವ

ಕಾರ್ಯಕ್ರಮದ ಹಾಲ್ ಒಮ್ಮೆ ಹೋಗಿ ನೋಡಿ ಬನ್ನಿ. ಆಫೀಸಿನ ಸಭಾಂಗಣಗಳಲ್ಲಿರುವ ಸ್ಪೀಕರ್‌ಗಳು ಭಾಷಣಕ್ಕೆ ಮಾಡಿದ್ದು. ಕಿಕ್ ಡ್ರಮ್, ಬೇಸ್ ಅದರೊಳಗೆ ಬಿಟ್ಟರೆ ಒಡೆದ ಸದ್ದು ಬರುತ್ತದೆ. ಹಾಲ್ ಸಣ್ಣದಾದರೆ ಅದರಲ್ಲಿ ದನಿ ಮಾತ್ರ ಬಿಡಿ, ಉಳಿದದ್ದು ಆಂಪ್‌ಗಳಿಂದ ಬರಲಿ. ಗಾಜು, ಟೈಲ್ಸ್ ಜಾಸ್ತಿ ಇದ್ದರೆ ಸದ್ದು ಗುಂಯ್‌ಗುಡುತ್ತದೆ. ಜನ ತುಂಬಿದ ಮೇಲೆ ಸ್ವಲ್ಪ ಕಮ್ಮಿಯಾಗುತ್ತದೆ. ಸೌಂಡ್ ಚೆಕ್‌ನಲ್ಲಿ "ಹಲೋ, ಒಂದು ಎರಡು ಮೂರು" ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಕೋರಸ್ ಅನ್ನು ಶೋನಲ್ಲಿ ಹಾಡುವಷ್ಟೇ ಜೋರಾಗಿ ಹಾಡಿಸಿ.

ಇದನ್ನು ಮಾತ್ರ ತಮಾಷೆ ಮಾಡಬೇಡಿ: ಅರ್ತಿಂಗ್. ಆಂಪ್ ಗುಂಯ್ ಅನ್ನುತ್ತದೆ ಅಂತ ಪ್ಲಗ್‌ನ ಮೂರನೇ ಪಿನ್ ಕಿತ್ತುಹಾಕುವ ಮಹಾನುಭಾವರು ಈಗಲೂ ಇದ್ದಾರೆ. ಗಿಟಾರಿಸ್ಟ್‌ನ ಒಂದು ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ. ಎರಡರಲ್ಲಿ ಒಂದರ ಅರ್ತ್ ಸರಿ ಇಲ್ಲದಿದ್ದರೆ ಕರೆಂಟ್ ಹರಿಯುವುದು ದೇಹದ ಮೂಲಕ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆ ಮೇಲೆ ಅರ್ತ್ ಇಲ್ಲದ ಮೈಕ್ ಮುಟ್ಟಿ ಸತ್ತರು. ಎಲ್ಲ ಆಂಪ್, ಮಿಕ್ಸರ್ ಒಂದೇ ಸರ್ಕ್ಯೂಟ್‌ನಿಂದ ಎಳೆದರೆ ಗುಂಯ್ ಕೂಡ ಬಹಳ ಸಲ ನಿಲ್ಲುತ್ತದೆ. ಹಾಲ್‌ನ ಎಲೆಕ್ಟ್ರಿಷಿಯನ್‌ನ ಜೊತೆಗೆ ನಿಲ್ಲಿಸಿಕೊಂಡು ಸಾಕೆಟ್ ಪರೀಕ್ಷೆ ಮಾಡಿಸಿ.

ರಿದಮ್_ಅಕ್ಕ

ವಿಡಿಯೋ ಬಗ್ಗೆಯೂ ಈಗಲೇ ಮಾತಾಡಿಕೊಳ್ಳಿ. ಕಂಪನಿಯವರು ಖಂಡಿತ ತೆಗೆದು ಎಲ್ಲ ಕಡೆ ಹಾಕುತ್ತಾರೆ. ಬೇರೆಯವರ ಹಾಡನ್ನು ಜನರೆದುರು ಹಾಡುವ ಪರವಾನಗಿ ಬೇರೆ, ಅದನ್ನು ವಿಡಿಯೋ ಮಾಡಿ ಇಂಟರ್‌ನೆಟ್‌ಗೆ ಏರಿಸುವ ಹಕ್ಕು ಬೇರೆ. ಮೊದಲನೆಯದು ಇದ್ದರೆ ಎರಡನೆಯದು ತಾನಾಗಿ ಬರುವುದಿಲ್ಲ. ಕಂಪನಿಯ ಹೆಸರಿನಲ್ಲಿ ಹಾಕುವುದಾದರೆ ಅವರ ಕಾನೂನಿನವರೇ ನೋಡಿಕೊಳ್ಳಲಿ.

ಮತ್ತೆ ಡ್ರಮ್ ಕಿಟ್ ಯಾರದ್ದು? ನಿಮ್ಮದಾ, ಆಫೀಸಿನದಾ?

ಆರನೇ_ತಂತಿ

ಕಿಟ್ ಆಫೀಸಿನ ಹಣದಲ್ಲಿ ಬಂದಿದ್ದು. ಸಿಂಬಲ್ ನಮ್ಮ ಡ್ರಮ್ಮರ್‌ದು. ಸ್ಪೀಕರ್ ಐದೂ ಜನ ಸೇರಿ ಹಾಕಿದ ದುಡ್ಡು. ಯಾಕೆ ಕೇಳಿದಿರಿ ಗೊತ್ತಾಯಿತು. ಡ್ರಮ್ಮರ್ ಬೇರೆ ಕಡೆ ಇಂಟರ್‌ವ್ಯೂ ಕೊಡುತ್ತಿದ್ದಾನೆ ಅಂತ ಗಾಳಿ ಸುದ್ದಿ ಇದೆ.

ಕಿಕ್_ಸ್ನೇರ್

ಕೆಲಸ ಬಿಟ್ಟವನನ್ನು ಬ್ಯಾಂಡಿನಿಂದ ಕಳಿಸಬೇಡಿ ಪ್ಲೀಸ್. ನಾನು ಬಿಟ್ಟ ಆಫೀಸಿನ ಬ್ಯಾಂಡಿನಲ್ಲಿ ಈಗಲೂ ಬಾರಿಸುತ್ತಿದ್ದೇನೆ. ಒಂದೇ ತೊಡಕು, ಆಫೀಸ್ ಕಟ್ಟಡದೊಳಗೆ ಪ್ರಾಕ್ಟೀಸ್ ಆದರೆ ಸಂಜೆ ಹೊತ್ತು ನನಗೆ ಪಾಸ್ ಸಿಗುವುದಿಲ್ಲ. ಹಾಗಾಗಿ ಹೊರಗೆ ಗಂಟೆ ಲೆಕ್ಕದ ರೂಮು ಹಿಡಿದಿದ್ದೇವೆ. ಯಾವ ಸಾಮಾನು ಯಾರದ್ದು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಫೋಟೋ ಇಟ್ಟುಕೊಳ್ಳಿ. ಐವರು ಸೇರಿ ಕೊಂಡ ಸ್ಪೀಕರ್ ವಿಷಯದಲ್ಲಿ ಬಿಟ್ಟು ಹೋಗುವವನಿಗೆ ದುಡ್ಡು ವಾಪಸ್ಸಾ ಇಲ್ಲವಾ ಅನ್ನೋದನ್ನು ಅವನು ಹೋಗುವ ಮುಂಚೆ ತೀರ್ಮಾನ ಮಾಡಿ.

ಕಿವಿಗೆ ಇಯರ್ ಪ್ಲಗ್ ಹಾಕುತ್ತೀರಾ? ಯಾರೂ ಆ ಮಾತು ಎತ್ತಲೇ ಇಲ್ಲ.

ಧ್ವನಿಪೆಟ್ಟಿಗೆ

ಹಾಕಲೇಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್. 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಸಣ್ಣ ರೂಮಿನಲ್ಲಿ ರಾಕ್ ಬ್ಯಾಂಡ್ ಅಷ್ಟನ್ನು ಸುಲಭವಾಗಿ ಮುಟ್ಟುತ್ತದೆ. ಸ್ಪಂಜಿನ ಪ್ಲಗ್ ಹಾಕಿದರೆ ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ, ಹಾಡುವವರಿಗೆ ಇಷ್ಟವಾಗುವುದಿಲ್ಲ. ಸಂಗೀತದವರಿಗೆ ಅಂತಲೇ ಮಾಡಿದ ಪ್ಲಗ್ ಎಲ್ಲವನ್ನೂ ಹೆಚ್ಚುಕಮ್ಮಿ ಸಮವಾಗಿ ಇಳಿಸುತ್ತದೆ. ಹಾಡುವವರು ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ತೆರೆದ ಕಿವಿಗೆ ಏಟು ತಪ್ಪುವುದಿಲ್ಲ.

ಆರನೇ_ತಂತಿ

ಎಲ್ಲರಿಗೂ ಆರ್ಡರ್ ಮಾಡುತ್ತೇನೆ. ಭೈರಣ್ಣ, ಒಂದು ಕೊನೇ ಪ್ರಶ್ನೆ. ಎರಡು ಸೆಮಿಟೋನ್ ಇಳಿಸಿದ ಹಾಡಿನಲ್ಲಿ ನಮ್ಮ ಬೇಸ್‌ನ ದಪ್ಪ ತಂತಿ ಫ್ರೆಟ್‌ಗೆ ತಾಗಿ ಗಿರಗುಟ್ಟುತ್ತಿದೆ. ಏನು ಮಾಡೋದು?

ಬೇಸ್_ಭೈರ

ಸೆಟ್‌ನಲ್ಲಿ ಅಂಥ ಹಾಡು ಒಂದೇ ಇದ್ದರೆ ಸುಮ್ನೆ ಬಿಡಿ, ಆ ತಂತಿಯನ್ನು ಮೆತ್ತಗೆ ಬಾರಿಸೋಕೆ ಹೇಳಿ. ಆಂಪ್‌ನಲ್ಲಿ ಅಷ್ಟೊಂದು ಕೇಳಿಸುವುದಿಲ್ಲ. ಜಾಸ್ತಿ ಹಾಡುಗಳಿದ್ದರೆ ದಪ್ಪ ತಂತಿ ಹಾಕಿಸಿ. ಈಗ 105 ಇದ್ದರೆ 110 (ದಪ್ಪದ ಲೆಕ್ಕ, ಇಂಚಿನ ಸಾವಿರದ ಭಾಗದಲ್ಲಿ). ಬಿಗಿ ವಾಪಸ್ ಬರುತ್ತದೆ. ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚಿನಲ್ಲಿ ಅದು ಸರಿಯಾಗಿ ಕೂರುತ್ತದಾ ನೋಡಿಕೊಳ್ಳಿ. ಕೂರದಿದ್ದರೆ ನೀವೇ ಅರ ಹಿಡಿದು ಉಜ್ಜಬೇಡಿ, ರಿಪೇರಿಯವರಿಗೆ ಕೊಡಿ. ಕಾರ್ಯಕ್ರಮದ ಹಿಂದಿನ ದಿನ ಮಾತ್ರ ಹೊಸ ತಂತಿ ಹಾಕಬೇಡಿ, ಎಳೆದುಕೊಳ್ಳುತ್ತಾ ಶ್ರುತಿ ಬಿಡುತ್ತಲೇ ಇರುತ್ತದೆ. ನಾಲ್ಕೈದು ದಿನ ಮುಂಚೆ ಹಾಕಿ, ಬಾರಿಸಿ ಪಳಗಿಸಿ.